ಯಾರದೂ ಅಲ್ಲದ ಗುಡ್ಡ

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಕೆಂಪು ಕಲ್ಲಿನ ಕೋರೆ ಶುರು ಮಾಡಿದವನು ಹೊರಗಿನವನಲ್ಲ, ನನ್ನ ದೊಡ್ಡಪ್ಪನ ಮಗ. ಗುಡ್ಡದ ಬುಡದಲ್ಲಿದ್ದ ಒರತೆಯ ನೀರು ನಮ್ಮ ಮನೆಗೂ ಪಕ್ಕದ ಬ್ಯಾರಿ ಅಕ್ಕನ ಮನೆಗೂ ಬರುತ್ತಿತ್ತು. ಗಂಡ ಗಲ್ಫಿನಲ್ಲಿ ತೀರಿಕೊಂಡ ಮೇಲೆ ಆಡು ಸಾಕಿ ಮಕ್ಕಳನ್ನು ದಡ ಸೇರಿಸಿದವರು ಅವರು. ನಾನು ಕಡಬದ ಕಡೆಯ ಒಂದು ಶಾಲೆಯಲ್ಲಿ ಟೀಚರ್.

ಕಲ್ಲು ಕೊಯ್ಯುವ ಯಂತ್ರ ಬಂದ ಮೊದಲ ಬೇಸಿಗೆಯಲ್ಲೇ ಒರತೆ ಕೆಂಪಾಯಿತು. ಮರುವರ್ಷ ಬತ್ತಿತು. ಅಣ್ಣನಲ್ಲಿ ಕೇಳಿದ್ದಕ್ಕೆ, "ಅದು ನಮ್ಮ ಕುಮ್ಕಿ. ನಿನಗೆಂತ?" ಎಂದ.

ಕುಮ್ಕಿ ಎಂದರೆ ಸರಕಾರದ್ದೇ ಜಾಗ. ತಾಗಿಕೊಂಡ ಪಟ್ಟಾ ಜಮೀನಿನವರಿಗೆ ಅಲ್ಲಿಂದ ಸೊಪ್ಪು, ಸೌದೆ ತರುವ ಹಕ್ಕು ಮಾತ್ರ. ಸೊಪ್ಪಿನ ಹಕ್ಕು ಹಿಡಿದುಕೊಂಡು ಅವನು ಗುಡ್ಡವನ್ನೇ ಲಾರಿಗೆ ಹೇರುತ್ತಿದ್ದ.

ಅಕ್ಕ ಮತ್ತು ನಾನು ತಾಲೂಕು ಕಚೇರಿಗೆ ಹೋದೆವು. "ಅದು ಅರಣ್ಯದ್ದು ಟೀಚರ್" ಎಂದರು. ಅರಣ್ಯದವರು ಕಂದಾಯದ್ದೆಂದರು. ಕೊನೆಗೆ ಜಂಟಿ ಸರ್ವೆಗೆ ಎರಡೂ ಕಡೆಯವರು ಬಂದರು. ಗುಡ್ಡ ತಮ್ಮದೆಂದು ಜಗಳಾಡುವವರನ್ನು ಊರಿನಲ್ಲಿ ಬೇಕಾದಷ್ಟು ಕಂಡಿದ್ದೆ. ತಮ್ಮದಲ್ಲವೆಂದು ಜಗಳಾಡಿದವರನ್ನು ಅಂದೇ ಕಂಡದ್ದು. ಪಕ್ಕದಲ್ಲೇ ಯಂತ್ರ ಓಡುತ್ತಿತ್ತು. ಅಣ್ಣ ಎರಡೂ ಕಡೆಯವರಿಗೂ ಎಳನೀರಿನ ಬೊಂಡ ಕೆತ್ತಿ ಕೊಟ್ಟ.

ಸರ್ವೆಯಲ್ಲೂ ತೀರ್ಮಾನವಾಗದೆ, ದರ್ಬೆ ಪೇಟೆಯ ವಕೀಲರೊಬ್ಬರು ನಮ್ಮ ಪರವಾಗಿ ದಾವೆ ಹಾಕಿದರು. ಇದು ಗಣಿ ಮತ್ತು ಪರಿಸರದ ವಿಷಯ, ಸಿವಿಲ್ ಕೋರ್ಟಿಗೆ ವಿಚಾರಣೆಯ ಅಧಿಕಾರವಿಲ್ಲ ಎಂದು ಅಣ್ಣನ ಕಡೆಯವರು ವಾದಿಸಿದರು. ಆ ಒಂದು ಪ್ರಶ್ನೆಯಲ್ಲೇ ವರ್ಷಗಳು ಕಳೆದವು. ನೀರಿನ ಮಾತು ಒಮ್ಮೆಯೂ ಬರಲಿಲ್ಲ. ಆಮೇಲೆ ತನಗೆ ಅಧಿಕಾರವಿಲ್ಲವೆಂದು ಕೋರ್ಟು ದಾವೆಯನ್ನು ಹಿಂತಿರುಗಿಸಿತು.

"ಪರಿಸರದ ಕೇಸಿಗೆ ಬೇರೆ ಪೀಠ ಚೆನ್ನೈಯಲ್ಲಿ ಉಂಟು" ಎಂದರು ವಕೀಲರು.

"ಚೆನ್ನೈಗೆ ಹೋದ್ರೆ ನಮ್ಮ ಒರತೆಯಲ್ಲಿ ನೀರು ಬರ್ತದಾ?" ಅಕ್ಕ ಕೇಳಿದರು.

"ಹೋಗದಿದ್ರೆ ಬರುದಿಲ್ಲ."

ಹೋದೆವು. ಅಲ್ಲಿ ಸರದಿ ಬರುವಷ್ಟರಲ್ಲಿ ಗುಡ್ಡದ ಕಲ್ಲು ಮುಗಿದಿತ್ತು, ಯಂತ್ರ ಬೇರೆ ಊರಿಗೆ ಹೋಗಿತ್ತು. ಕೋರೆ ನಿಂತಿರುವುದರಿಂದ ತೀರ್ಮಾನಿಸಲು ಏನೂ ಉಳಿದಿಲ್ಲವೆಂದು ಆದೇಶವಾಯಿತು. ಸೋತಿದ್ದರೆ ಅಳಬಹುದಿತ್ತು. ನಾವು ಸೋಲಲೂ ಇಲ್ಲ.

ಆ ಮಳೆಗಾಲ ಕೋರೆಯ ಹೊಂಡ ತುಂಬಿತು. ಸುಬ್ರಹ್ಮಣ್ಯದಲ್ಲಿ ನೆಂಟರ ಮದುವೆಯಂದು ಅಣ್ಣ ತಾನೇ ನನ್ನ ಎಲೆಗೆ ಪಾಯಸ ಬಡಿಸುತ್ತಾ, "ಈಗ ನಿಮಗೆ ಕೆರೆಯೇ ಆಯ್ತಲ್ಲ ಮಾರಾಯ್ತಿ" ಎಂದ. ಸುತ್ತ ಕೂತವರು ನಕ್ಕರು. ನಾನು ಎಲೆ ಮಡಚಿ ಎದ್ದೆ.

ವಾರದೊಳಗೆ ಅಕ್ಕನ ಎರಡು ಆಡು ಆ ಹೊಂಡಕ್ಕೆ ಬಿದ್ದು ಸತ್ತವು. ಶಾಲೆ ಮಕ್ಕಳ ದಾರಿಯೂ ಅದರ ಅಂಚಿನಲ್ಲೇ. ಬೇಲಿ ಹಾಕಿಸಿ ಎಂದರೆ, ಜಾಗ ಯಾರದ್ದೆಂದು ತೀರ್ಮಾನ ಆಗಲಿ ಎಂದರು ಪಂಚಾಯತಿನವರು. ನಾವಿಬ್ಬರೇ ಗೂಟ ನೆಟ್ಟು ತಂತಿ ಬಿಗಿದೆವು. ಅಂಗೈ ಸಿಗಿದು ರಕ್ತ ಬಂತು.

ಮೂರನೆಯ ದಿನ ಅರಣ್ಯದವರ ಜೀಪು ಬಂತು. "ಇಲ್ಲಿ ಬೇಲಿ ಹಾಕ್ಲಿಕ್ಕಿಲ್ಲ ಟೀಚರ್. ಇದು ಅರಣ್ಯದ ಜಾಗ. ಒತ್ತುವರಿ ಅಂತ ಕೇಸಾಗ್ತದೆ."

"ಕಲ್ಲು ಕೊಯ್ಯುವಾಗ ಯಾರದ್ದಾಗಿತ್ತು?" ಅಕ್ಕ ಕೇಳಿದರು.

ಜೀಪಿನವರು ಬೇಲಿಯತ್ತ ನಡೆದರು. ಗೂಟ ಕಿತ್ತು, ತಂತಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋದರು. ಅಕ್ಕ ಉಳಿದ ಆಡುಗಳನ್ನು ಆ ವಾರವೇ ಮಾರಿದರು. ಬೆಳಿಗ್ಗೆ ಮಕ್ಕಳು ಹೊಂಡ ದಾಟುವವರೆಗೆ ನಾನು ಅಂಚಿನಲ್ಲಿ ನಿಂತಿರುತ್ತೇನೆ, ಸಂಜೆ ಅಕ್ಕ ನಿಲ್ಲುತ್ತಾರೆ.