ಗೊಲ್ಲಾಳಪ್ಪ ವಕೀಲನ ಒಂದೇ ಒಂದು ಕೇಸು

ಗೊಲ್ಲಾಳಪ್ಪ ತೀರಿಕೊಂಡು ಇಪ್ಪತ್ತೆರಡು ದಿನವಾಯಿತು. ಸೊಲ್ಲಾಪುರದ ಕೋರ್ಟಿನಲ್ಲಿ ಮೂವತ್ತು ವರ್ಷ ನಾವಿಬ್ಬರೂ ಒಂದೇ ಮೇಜು ಹಂಚಿಕೊಂಡು ವಕೀಲಿ ಮಾಡಿದವರು. ಅವನದು ಫೌಜದಾರಿ, ನನ್ನದು ಹೊಲಮನೆಗಳ ದಿವಾಣಿ ವ್ಯಾಜ್ಯ.

ಅವನು ಭಂಡಾರಕವಠೆ ಎಂಬ ಹಳ್ಳಿಯ ಧನಗರ ಕುರಿಗಾರರ ಮನೆಯವನು. ಧನಗರರ ಮೀಸಲಾತಿ ಚಳವಳಿ ಜೋರಾದಾಗ ರಸ್ತೆ ತಡೆ, ಧರಣಿ, ಎಲ್ಲದಕ್ಕೂ ಅವನೇ ಮುಂದೆ. ಆದರೆ ಪೊಲೀಸರು ಅವನೊಬ್ಬನನ್ನು ಹಿಡಿಯುತ್ತಿರಲಿಲ್ಲ. ಹಿಡಿದವರನ್ನೆಲ್ಲ ಸಂಜೆಯೊಳಗೆ ಜಾಮೀನಿನ ಮೇಲೆ ಬಿಡಿಸಿಕೊಂಡು ಹೋಗುವವನು ಅವನೇ. ಇಲ್ಲದಿದ್ದರೆ ಅಷ್ಟು ಜನಕ್ಕೆ ಠಾಣೆಯವರೇ ಊಟ ಹಾಕಬೇಕು.

ಜಿಲ್ಲಾ ಪರಿಷತ್ತಿನ ಚುನಾವಣೆ ಬಂತು. ಗೊಲ್ಲಾಳಪ್ಪ ಟಿಕೆಟ್ ಕೇಳಿದ. ಪಕ್ಷದ ಮುಖಂಡ ಶಾಂತಲಿಂಗಪ್ಪ ಅವನ ಅರ್ಜಿ ತಿರುವಿ ನೋಡಿದ.

"ವಕೀಲ ಸಾಹೇಬ್ರ, ಕೇಸಿನ ಕಾಲಮಿನ್ಯಾಗ 'ಏನೂ ಇಲ್ಲ' ಅಂತ ಬರದೀರಿ. ನಿಮ್ಮಂಗ ಟಿಕೆಟ್ ಕೇಳಿದ ಆ ಸೋಮೇಶನ ಮ್ಯಾಲ ಹದಿನಾಕ ಅದಾವ. ನೀವು ಆಂದೋಲನದಾಗ ಇದ್ರಿ ಅನ್ನೂದಕ್ಕ ಪುರಾವೆ ಏನ್ರಿ?"

ಆ ಹದಿನಾಲ್ಕರಲ್ಲೂ ಸೋಮೇಶನಿಗೆ ಜಾಮೀನು ಕೊಡಿಸಿದವನು ಗೊಲ್ಲಾಳಪ್ಪ! ಮನೆಗೆ ಬಂದವನೇ ಹೆಂಡತಿ ಮುಕ್ತಾಬಾಯಿಗೆ, "ನನಗ ಒಂದರ ಕೇಸ್ ಬೇಕಾಗ್ಯಾದ ನೋಡು" ಎಂದ.

"ಸಾಲಿ ಹುಡುಗ ಮಾರ್ಕ್ಸ್ ಕೇಳಿದಂಗ ಕೇಳಾಕತ್ತೀರಲ್ರಿ!" ಎಂದು ಆಕೆ ರೊಟ್ಟಿ ಬಡಿಯುತ್ತಲೇ ನಕ್ಕಳಂತೆ.

ಮುಂದಿನ ವಾರ ವಳಸಂಗದ ಹತ್ತಿರ ರಸ್ತೆ ತಡೆ. ಇನ್ನೂರು ಕುರಿ ರಸ್ತೆಯ ಮೇಲೆ. ಗೊಲ್ಲಾಳಪ್ಪ ಕರಿಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಕಂಬಳಿ ಹೊದ್ದು, ಹಣೆತುಂಬ ಬೀರೋಬ ದೇವರ ಭಂಡಾರದ ಅರಿಶಿನ ಬಳಿದುಕೊಂಡು ಕುರಿಗಳ ನಡುವೆ ಕೂತ. ಹವಾಲ್ದಾರ ಗುರುಶಾಂತ ಬಂದ.

"ವಕೀಲ ಸಾಹೇಬ್ರ, ಕುರಿ ತುಳದಾವು, ಬಾಜೂಕ ಸರೀರಿ."

"ನನ್ನೂ ಹಿಡೀರಿ."

"ನಿಮ್ಮನ್ನ ಹಿಡದ್ರ ಇವರನ್ನ ಬಿಡಸವ್ರು ಯಾರ್ರಿ? ಹೋಗ್ರಿ, ಕಾಗದ ತಯಾರ ಮಾಡ್ರಿ."

ಗೊಲ್ಲಾಳಪ್ಪ ತಾನೇ ವ್ಯಾನು ಹತ್ತಿ ಕಿಟಕಿ ಪಕ್ಕದ ಜಾಗ ಹಿಡಿದ. ಒಳಗಿದ್ದ ಮೂವತ್ತು ಜನ ಅವನನ್ನು ಬಾಗಿಲ ಕಡೆ ತಳ್ಳತೊಡಗಿದರು. "ನೀ ಯಾಕ ಬಂದ್ಯೋ ಮಾರಾಯಾ! ಇಳಿ, ಇಳಿ!" ಎಂದು ಕೂಗಿದರು. ಅವನು ಇಳಿಯಲಿಲ್ಲ.

ಜಾಮೀನು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಸರ್ಕಾರಿ ವಕೀಲರು ಏನೋ ಆಕ್ಷೇಪ ಎತ್ತಿದರು. ಕೇಸು ಮುಂದೂಡಿಸುವುದು ದಿವಾಣಿಯ ಹಳೆಯ ಅಭ್ಯಾಸ. "ಒಂದು ತಾರೀಖು ಕೊಡಬೇಕು, ಸಾಹೇಬರೆ" ಎಂದು ಬಾಯಿಗೆ ಬಂದುಬಿಟ್ಟಿತು. ನ್ಯಾಯಾಧೀಶ ಸಾಹೇಬರು ಕೊಟ್ಟರು. ಮೂರು ದಿನ ಬಿಟ್ಟು.

ಆ ಮೂರು ದಿನ ಗೊಲ್ಲಾಳಪ್ಪ ಒಳಗೆ ಸುಖವಾಗಿದ್ದ. ಉಳಿದವರು ಅವನ ಜೊತೆ ಮಾತು ಬಿಟ್ಟಿದ್ದರು. ಟಿಕೆಟ್ ಸಿಕ್ಕಿತು, ಚುನಾವಣೆಯಲ್ಲಿ ಸೋತ. ಆ ಮೂವತ್ತು ಮನೆಯವರು ಒಂದು ಮತವನ್ನೂ ಹಾಕಲಿಲ್ಲವೆಂದು ಮುಕ್ತಾಬಾಯಿ ಈಗಲೂ ಹೇಳುತ್ತಾಳೆ. ನಾನು ಕ್ಷಮೆ ಕೇಳಲು ಹೋದರೆ, "ಹುಚ್ಚಪ್ಪಾ, ಮೂರ ದಿನಾ ಜೈಲ್! ಸೋಮೇಶಗ ಎಲ್ಲಿ ಅದ?" ಎಂದ.

ಆಮೇಲೆ ಎರಡು ವರ್ಷ, ಪ್ರತಿ ತಾರೀಖಿಗೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆರೋಪಿಯಾಗಿ ಬಂದು ನಿಲ್ಲುತ್ತಿದ್ದ. ಪಟ್ಟೇವಾಲ ಹೆಸರು ಪೂರ್ತಿ ಕೂಗುವ ಮೊದಲೇ "ಹಾಜರ್!" ಎನ್ನುತ್ತಿದ್ದ.

ನಿನ್ನೆ ಅದೇ ಕೇಸಿನ ತಾರೀಖು. ಪಟ್ಟೇವಾಲ ಮೂರು ಸಲ ಪೂರ್ತಿ ಹೆಸರು ಕೂಗಿದ. ನಾನು ಎದ್ದು ಮರಣದ ದಾಖಲೆ ಮುಂದಿಟ್ಟೆ. ಆರೋಪಿ ಮೃತನಾದ್ದರಿಂದ ಅವನ ಮೇಲಿನ ಕೇಸು ಮುಗಿಯಿತೆಂದು ಸಾಹೇಬರು ಬರೆಸತೊಡಗಿದರು. ಇದ್ದದ್ದೇ ಒಂದು ಕೇಸು. ಅದೂ ಹೋದರೆ ಅವನಿಗೆ ಹೇಗಾದೀತು? ಕಾನೂನು ಗೊತ್ತಿದ್ದೂ ಬಾಯಿ ಬಿಟ್ಟೆ.

"ಸಾಹೇಬರೆ, ಒಂದು ತಾರೀಖು ಕೊಡಬೇಕು."

ಈ ಸಲ ಕೊಡಲಿಲ್ಲ.