ಪರದೆಗಿಂತ ಮುಂಚೆ ಬಂದ ಕೂಗು

ನನ್ನ ಕಾಲ್ಗುಣ ಸರಿಯಿಲ್ಲವೆಂದು ತೀರ್ಪಾದದ್ದು ಫಾಸ್ಟರ್ ಸಿಟಿಯ ನಮ್ಮ ಅಡುಗೆಮನೆಯಲ್ಲಿ. ನ್ಯಾಯಾಧೀಶರು ಧಾರವಾಡದಿಂದ ಬಂದಿದ್ದ ನನ್ನ ಅತ್ತೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮಗಳು ಕಾಲೇಜು ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಅದು ಅವಳ ಕೊನೆಯ ವರ್ಷ. ಆ ಚಳಿಗಾಲದಲ್ಲಿ ನಾನು ನೋಡಲು ಹೋದಾಗಲೆಲ್ಲ ತಂಡ ಸೋತಿತ್ತು. ಆಫೀಸಿನ ಮೀಟಿಂಗು ನನ್ನನ್ನು ಹಿಡಿದಿಟ್ಟಾಗಲೆಲ್ಲ ಗೆದ್ದಿತ್ತು. ಕಾಕತಾಳೀಯವೆಂದು ನಾನು ವಾದಿಸಿದೆ.

“ಅಳಿಯಂದ್ರ, ಸಿಟ್ಟಿಗೇಳಬ್ಯಾಡ್ರಿ,” ಎಂದರು ಅತ್ತೆ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. “ನೀವು ಒಳಗ ಕಾಲಿಟ್ರಿ ಅಂದ್ರ ಹುಡುಗಿ ಕೈಯಾಗಿನ ಚೆಂಡು ದಾರಿ ತಪ್ಪತೈತಿ. ನಾ ಕಣ್ಣಾರೆ ನೋಡೀನಿ.”

“ಚೆಂಡಿಗೂ ನನ್ನ ಕಾಲಿಗೂ ಏನು ಸಂಬಂಧ?”

“ಸಂಬಂಧ ಇಲ್ಲದ ಹೆಂಗ ತಪ್ಪತೈತಿ?”

ನನ್ನ ಪರ ವಕಾಲತ್ತು ವಹಿಸಬೇಕಾಗಿದ್ದ ಹೆಂಡತಿ ಆಗಲೇ ಎದುರು ಪಕ್ಷ ಸೇರಿದ್ದಳು. “ಅವ್ವ ಹೇಳೋದ್ರಲ್ಲಿ ತಪ್ಪೇನಿದೆ ರೀ? ಒಂದಿನ ಹೊರಗೆ ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ?”

ಆ ಒಂದು ದಿನ ಎಂಥದ್ದೆಂದರೆ, ಮಾರ್ಚ್ ತಿಂಗಳ ಕಾನ್ಫರೆನ್ಸ್ ಟೂರ್ನಮೆಂಟಿನದು. ಒಂದೇ ಗುಂಪಿನ ಕಾಲೇಜುಗಳು ವರ್ಷದ ಆಟವೆಲ್ಲ ಮುಗಿದ ಮೇಲೆ ಒಂದು ಕಡೆ ಸೇರಿ ಪಟ್ಟಕ್ಕಾಗಿ ಹೋರಾಡುತ್ತವೆ. ಒಮ್ಮೆ ಸೋತವರು ಗಂಟುಮೂಟೆ ಕಟ್ಟಬೇಕು. ಕೊನೆಯ ವರ್ಷದವರಿಗಾದರೆ ಆ ಸೋಲಿನೊಂದಿಗೆ ಆಟವೇ ಮುಗಿಯಿತು. ಮನೆಯ ಹಜಾರದಲ್ಲಿ ಚೆಂಡು ಬಡಿದು ಕೆಳಗಿನ ಅಪಾರ್ಟ್‌ಮೆಂಟಿನವರ ನಿದ್ದೆ ಕೆಡಿಸುತ್ತಲೇ ಬೆಳೆದ ನನ್ನ ಮಗಳಿಗೆ ಜೂನಿನಿಂದ ಒಂದು ಲ್ಯಾಬಿನ ಕೆಲಸ ಕಾದಿತ್ತು. ಅಲ್ಲಿ ಚೆಂಡು ಬಡಿಯಲು ಬಿಡುವುದಿಲ್ಲ.

ತೀರ್ಪಿನ ಸುದ್ದಿ ಕೇಳಿ ಮಗಳು ಫೋನಿನಲ್ಲಿ ನಕ್ಕಳು. “ಅಪ್ಪಾ, ದಟ್ಸ್ ಸೋ ಮೀನ್! ಜಸ್ಟ್ ಕಮ್.” ನಗು ಮುಗಿಸಿ ಸೇರಿಸಿದಳು: “ಆದ್ರೆ... ಮೇಬಿ ಸಿಟ್ ಔಟ್‌ಸೈಡ್?”

ಹೀಗೆ ಸರ್ವಾನುಮತದಿಂದ ಬಹಿಷ್ಕೃತನಾದವನು ಕಾರು ಮಾತ್ರ ಓಡಿಸಬಹುದಾಗಿತ್ತು. ಸ್ಯಾನ್ ಮಟಿಯೋ ಸೇತುವೆಯ ಮೇಲೆ ಮಂಜು ನೀರನ್ನೂ ಆಕಾಶವನ್ನೂ ಒಂದು ಮಾಡಿಬಿಟ್ಟಿತ್ತು. ಮುಂದಿನ ಕಾರು ಕಾಣುತ್ತಿರಲಿಲ್ಲ. ಅದರ ಎರಡು ಕೆಂಪು ದೀಪಗಳಷ್ಟೇ ತಮ್ಮ ಪಾಡಿಗೆ ತಾವು ಹೋಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆ ಏನೋ ಜಪಿಸುತ್ತಿದ್ದರು. ತಂಡದ ಗೆಲುವಿಗೋ ನನ್ನ ಡ್ರೈವಿಂಗಿಗೋ, ಕೇಳಲಿಲ್ಲ.

ಕ್ರೀಡಾಂಗಣದ ಒಳಗೆ ಅತ್ತೆ, ಹೆಂಡತಿ ಹೋದರು. ನಾನು ಅದನ್ನು ಸುತ್ತುವರಿದ ಕಾರಿಡಾರಿನಲ್ಲಿ ಒಂದು ಬೆಂಚು ಹಿಡಿದೆ. ಆಟ ಶುರುವಾದೊಡನೆ ಅಲ್ಲಿದ್ದ ಜನವೆಲ್ಲ ಬಾಗಿಲುಗಳೊಳಗೆ ಇಂಗಿಹೋದರು. ಪಾಪ್‌ಕಾರ್ನ್ ಅಂಗಡಿಯವನೂ ಕಾಣದಾದ. ಅವನ ಯಂತ್ರ ಮಾತ್ರ ಯಾರಿಗೂ ಬೇಡದ ಕಾಳನ್ನು ಸಿಡಿಸುತ್ತ ಉಳಿಯಿತು. ಅಂಗಡಿಯ ಮೇಲೆ ಒಂದು ಟೀವಿ, ದನಿಯಿಲ್ಲದೆ, ಒಳಗಿನ ಆಟವನ್ನೇ ತೋರಿಸುತ್ತಿತ್ತು.

ಗೋಡೆಯಾಚೆ ಜನ ಹೋ ಎಂದರು. ಪರದೆ ನೋಡಿದರೆ ಏನೂ ಆಗಿರಲಿಲ್ಲ. ಹುಡುಗಿಯರು ಸುಮ್ಮನೆ ನಡೆದಾಡುತ್ತಿದ್ದರು. ಮುಕ್ಕಾಲು ನಿಮಿಷದ ಮೇಲೆ ನನ್ನ ಮಗಳು ಚೆಂಡನ್ನು ಬುಟ್ಟಿಗೆ ಹಾಕಿದಳು. ಆಗ ಗೋಡೆಯಾಚೆ ಮೌನ.

ವಿಡಿಯೋ ತಡವಾಗಿ ತಲುಪುವುದು ಏಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ನಾನು ಅನ್ನ ತಿನ್ನುವುದೇ ಆ ತಡವನ್ನು ತಗ್ಗಿಸುವ ಕೆಲಸದಿಂದ. ಆದರೆ ತಿಳಿದಿದ್ದರಿಂದ ಏನೂ ಉಪಕಾರವಾಗಲಿಲ್ಲ. ಮೊದಲು ಅಳು, ಆಮೇಲೆ ಸಾವು ಎಂಬ ಕ್ರಮಕ್ಕೆ ನನ್ನ ಕಿವಿ ಒಗ್ಗತೊಡಗಿತು. ಸದ್ದು ಬಂದೊಡನೆ ಮೈ ಬಿಗಿಹಿಡಿದು, ಅದು ಯಾರ ತಲೆಯ ಮೇಲೆ ಬೀಳಲಿದೆಯೋ ಎಂದು ಪರದೆಯ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಅವರಿಗೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಯ ಗಳಿಗೆ. ನಮ್ಮವರು ಎರಡು ಅಂಕ ಹಿಂದಿದ್ದರು. ಒಳಗೆ ಸೀಟಿ ಕೇಳಿತು, ಚಪ್ಪಾಳೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೊಂದು ದೊಡ್ಡ ಕೂಗು. ಬಳಿಕ ಸಾವಿರ ಜನ ಉಸಿರು ಹಿಡಿದ ಸದ್ದು. ಅದಕ್ಕೂ ಒಂದು ಸದ್ದಿದೆ. ಆ ಮೌನವನ್ನು ಸೀಳಿಕೊಂಡು ಅತ್ತೆಯ ದನಿ ಬಂತು:

“ಹೋತಲ್ಲೋ ಶಿವನ!”

ಆಟ ಮುಗಿದ ಹಾರ್ನು ಮೊಳಗಿತು. ಬೇರೆ ಯಾರದೋ ಊರಿನವರು ಕುಣಿದು ಕೂಗುವುದು ಕೇಳಿಸಿತು.

ಪರದೆಯಲ್ಲಿ ನನ್ನ ಮಗಳು ಆಗಷ್ಟೇ ಎದುರಾಳಿಯ ಡಿಕ್ಕಿಗೆ ಬಿದ್ದು ಏಳುತ್ತಿದ್ದಳು. ಅವಳಿಗೆ ಎರಡು ಫ್ರೀ ಥ್ರೋ ಸಿಕ್ಕಿದ್ದವು, ಯಾರೂ ಅಡ್ಡ ಬರದೆ ಗೆರೆಯ ಮೇಲೆ ನಿಂತು ಎಸೆಯುವಂಥವು. ಮೊದಲನೆಯದು ಬುಟ್ಟಿಗೆ ಬಿತ್ತು. ಅವಳು ಗೆಳತಿಯರ ಕಡೆ ತಿರುಗಿ ನಕ್ಕಳು. ಅಷ್ಟು ನಿಶ್ಚಿಂತೆಯ ನಗುವನ್ನು ನಾನು ಆ ವರ್ಷ ಅವಳ ಮುಖದಲ್ಲಿ ಕಂಡಿರಲಿಲ್ಲ. ಚೆಂಡು ಮತ್ತೆ ಕೈಗೆ ಬಂತು. ಅವಳು ಅದನ್ನು ನೆಲಕ್ಕೆ ಬಡಿಯುತ್ತ ಬುಟ್ಟಿಯನ್ನು ನೋಡಿದಳು.

“ಬೇಡ ಪುಟ್ಟಿ, ಎಸೀಬೇಡ,” ಎಂದೆ, ಗಟ್ಟಿಯಾಗಿಯೇ. ಪಾಪ್‌ಕಾರ್ನ್ ಯಂತ್ರ ಚಟಪಟ ಎಂದಿತು.

ಪರದೆಗೆ ಬೆನ್ನು ಹಾಕಿ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ದೀಪಗಳ ಕೆಳಗೆ ಎಲ್ಲವೂ ಮುಗಿದಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಡತಿ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಮಗಳು ಕೈಕುಲುಕುವ ಸಾಲು ಮುಗಿಸಿ, ಬೆಂಚಿನಲ್ಲಿ ಕೂತು ಶೂ ಬಿಚ್ಚಿ, ಕಾಲುಚೀಲದಲ್ಲೇ ನನ್ನ ಕಡೆ ನಡೆದುಬಂದಳು.

“ಅಪ್ಪಾ, ನೋಡಿದ್ಯಾ? ದಿ ಲಾಸ್ಟ್ ಒನ್?”

“ಇಲ್ಲಮ್ಮ.”

“ಗುಡ್,” ಎಂದಳು. “ನೋಡ್ಬೇಡ. ಎವರ್.”

ನಮ್ಮಲ್ಲಿ ತಂದೆಯ ಕೈಗೆ ಪಾದರಕ್ಷೆ ಕೊಡುವ ಪದ್ಧತಿಯಿಲ್ಲ. ಅವಳು ಶೂಗಳನ್ನು ನನ್ನ ಕೈಗಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅತ್ತೆ ಕೂಡ ಆಕ್ಷೇಪಿಸಲಿಲ್ಲ. ಶೂಗಳು ಇನ್ನೂ ಬೆಚ್ಚಗಿದ್ದವು.