ತುಳಜಾಬಾಯಿ ದವಡ್ಯಾಗಿನ ಗಂಟು

ತುಳಜಾಬಾಯಿ ಸುದ್ದಿ ಯಾಕ ಹೇಳಬೇಕಂದ್ರ, ಈಕಿ ಸಾಯ್ತಾಳಂತ ಊರೆಲ್ಲಾ ಮಾತಾಡಿ ಮುಗಿಸಿದಾಗ "ಒಳಗ ಯಾರು ನೋಡ್ಯಾರ?" ಅಂತ ಕೇಳಿದಾಕಿ ಆಕಿನೇ.

ಶಹಾಬಾದ ಖಣಿಯಾಗ ನೆಲಕ್ಕ ಹಾಸೋ ಫರಸಿ ಕಲ್ಲು ಆರಿಸೋ ಕೆಲಸ ಆಕೀದು. ಸಣ್ಣ ಸುತ್ತಿಗಿಲೆ ಬಡದು, ದನಿ ಕೇಳಿ, ಒಳಗ ಬಿರುಕದನೋ ಇಲ್ಲೋ ಹೇಳಾಕಿ. ಬಡೀಲಾರದೇ ಒಂದು ಕಲ್ಲೂ ಒಗೀತಿದ್ದಿಲ್ಲ.

ಎಪ್ಪತ್ತೊಂದನೇ ಇಸವಿಯಾಗ ಆಕಿ ಎಡಗಡಿ ದವಡಿ ಉಬ್ಬಿತು. ನೋವಿಲ್ಲ. ತುಟಿಗಿ ಮಾತ್ರ ಜೋಮು. ಸುಡೋ ಚಾ ತಾಗಿ ಬೊಬ್ಬಿ ಎದ್ರೂ ಗೊತ್ತಾಗ್ತಿದ್ದಿಲ್ಲ. ಊರ ಡಾಕ್ಟರು ದೂರ ಕುಂತೇ ನೋಡಿದ್ರು. ಹಲ್ಲಿಗಿ ತಂಬಾಕಿನ ಮಿಶ್ರಿ ತಿಕ್ಕತೀಯೇನಂತ ಕೇಳಿದ್ರು. ಹೌದಂದ್ಳು. ಅಷ್ಟಕ್ಕೇ ಕ್ಯಾನ್ಸರ್ ಅಂದ್ರು. ಕತ್ತರಿ ಹಚ್ಚಿದ್ರ ಹರಡತದ, ಮುಟ್ಟಬ್ಯಾಡ್ರಿ ಅಂದ್ರು.

ಅತ್ತಿ ಲಾಲಮ್ಮ ರೋಗ ಹತ್ತತದಂತ ಅವತ್ತೇ ಆಕಿ ಉಣ್ಣೋ ಗಂಗಾಳ, ನೀರಿನ ಚರಗಿ ಬ್ಯಾರೆ ಮಾಡಿದ್ಳು. ರೊಟ್ಟಿ ಬಡಿಯೋದು ಬಿಡಿಸಿದ್ಳು. ಗಂಡ ನಾಮದೇವ ಅವ್ವ ಬಡಿದ ರೊಟ್ಟಿ ಉಂಡ. ಮಗಳ ಲಗ್ನದಾಗ ತುಳಜಾಬಾಯಿ ದೂರ ನಿಂತು ಅಕ್ಕಿಕಾಳು ಒಗದ್ಳು. ಹೊಸ್ತಿಲ ಹೊರಗ ಕುಂತು ಉಣ್ಣಲಿಕತ್ತಿ ಮೂರು ವರ್ಷ ಆತು, ಸಾಯಲಿಲ್ಲ. "ಇನ್ನಾ ಎಷ್ಟು ದಿನವಾ?" ಅಂತ ಲಾಲಮ್ಮ ಕೇಳಾಕಿ, ಬಸ್ಸಿಗಿ ಕಾದವರಂಗ.

ಕ್ಯಾನ್ಸರ್ ಇದ್ದಾಕಿ ಮೂರು ವರ್ಷ ಖಣಿಯಾಗ ದುಡೀತಾಳೇನಂತ ಊರ ದವಾಖಾನಿ ನರ್ಸ್ ಗುರುಲಿಂಗಮ್ಮಗ ಅನುಮಾನ ಬಂತು. ವಾಡಿ ಸ್ಟೇಷನ್ನಿನಾಗ ರೈಲು ಹತ್ತಿಸಿ ಹೈದರಾಬಾದ ದವಾಖಾನಿಗಿ ಕರಕೊಂಡು ಹೋದ್ಳು. ಗಂಟಿನ ಒಂದು ಚೂರು ತೆಗೆದು ನೋಡ್ಲೇನಂತ ಅಲ್ಲಿ ಡಾಕ್ಟರು ಕೇಳಿದ್ರು.

"ತೆಗೀರಿ ಸಾಹೇಬ್ರ," ಅಂದ್ಳು ತುಳಜಾಬಾಯಿ. "ನಾವು ಕಲ್ಲಿಗಿ ಸೈತ ಬಡದು ನೋಡಿ ಮಾತಾಡ್ತೀವಿ. ನನಗ ಬಡೀಲಾರದೇ ಒಗದಾರ."

ಚೂರು ಗಾಜಿನ ಮ್ಯಾಲಿಟ್ಟು ಮೈಕ್ರೋಸ್ಕೋಪಿನಾಗ ನೋಡಿದ್ರು. ಎಂಟು ದಿನಕ್ಕ ಹೇಳಿದ್ರು, ಕ್ಯಾನ್ಸರ್ ಅಲ್ಲ ಅಂತ. ದವಡಿ ಎಲುಬಿನಾಗ ಹಾಯೋ ನರದ ಮ್ಯಾಲಿನ ಪದರು ಗಂಟು ಕಟ್ಟ್ಯದ, ಭಾಳ ಅಪರೂಪದ್ದು, ಜೀವಕ್ಕೇನೂ ಆಗಂಗಿಲ್ಲ, ಒಬ್ಬರಿಂದ ಒಬ್ಬರಿಗಿ ಹತ್ತಂಗಿಲ್ಲ. ಮೊದಲೇ ಬಂದಿದ್ರ ನರ ಉಳೀತಿತ್ತು ಅಂದ್ರು. ಗಂಟು ತೆಗೆದ್ರು. ತುಟಿ ಜೋಮು ಹೋಗಲಿಲ್ಲ.

ಡಾಕ್ಟರು ಬರೆದ ಕಾಗದ ತಂದು ಅತ್ತಿ ಮುಂದಿಟ್ಟಳು. ನಾಮದೇವ ಓದಿ ಹೇಳಿದ.

"ಕಾಗದ ಬಂದು ನಮ್ಮ ಬಾಜೂಕ ಕುಂತು ಉಣ್ತದೇನು?" ಅಂದ್ಳು ಲಾಲಮ್ಮ.

ಗಂಗಾಳ ಹೊಸ್ತಿಲ ಹೊರಗೇ ಉಳೀತು. ನಾಮದೇವ ಕಾಗದ ಮಡಚಿಟ್ಟು ಉಣ್ಣಾಕ ಕುಂತ.

ತುಳಜಾಬಾಯಿ ಅದೇ ಗಂಗಾಳ ತೊಗೊಂಡು ಹೋಗಿ ಖಣಿ ಕಡೆ ಒಂದು ಬಾಡಿಗಿ ಖೋಲಿ ಹಿಡಿದ್ಳು. ಇವತ್ತಿಗೂ ಅಲ್ಲೇ ಇದ್ದಾಳ. ಶಹಾಬಾದಿಗಿ ಬಂದ್ರ ಆಕಿ ಮನಿಗಿ ಹೋಗ್ರಿ, ಒಂದು ಘಳಿಗಿ ಕುಂದ್ರಿ. ಚಾ ಮಾಡ್ತಾಳ, ಬ್ಯಾಡನಬ್ಯಾಡ್ರಿ. ಆಕಿ ಕುಡಿಯೋ ಕಪ್ಪಿನಾಗೇ ಕುಡೀರಿ.